ಗಡಿಯಲ್ಲಿ ಕುಳಿತ ಯಂತ್ರಕ್ಕೆ ಸತ್ಯ ಕಾಣುವುದೇ?

ಸತ್ಯವನ್ನು ನುಡಿಯುವುದು ಕಷ್ಟ. ನುಡಿದದ್ದು ಸತ್ಯವೆಂದು ಎದುರಿಗಿದ್ದವನಿಗೆ ಮನಗಾಣಿಸುವುದು ಅದಕ್ಕಿಂತಲೂ ಕಷ್ಟ. ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲುಪಟ್ಟಿ, ಕೈಗಡ ಕೊಟ್ಟ ಹಣದ ಲೆಕ್ಕ ಇವೆಲ್ಲ ಮಠದ ಪಡಸಾಲೆಗೆ ಬರುವುದು ಹೊಸತೇನಲ್ಲ. ಇಬ್ಬರೂ ಗದ್ದುಗೆಯ ಮುಂದೆ ಕುಳಿತು ಮಾತನಾಡುತ್ತಾರೆ. ಒಬ್ಬನ ಕೈ ನಡುಗುತ್ತದೆ, ತುಟಿ ಒಣಗುತ್ತದೆ, ಕಣ್ಣು ನೆಲ ನೋಡುತ್ತದೆ. ಇನ್ನೊಬ್ಬ ಎದೆ ಸೆಟೆಸಿ ನಿರರ್ಗಳವಾಗಿ ನುಡಿಯುತ್ತಾನೆ. ವಿಚಾರಿಸುತ್ತಾ ಹೋದಂತೆ, ನಡುಗಿದವನ ಪಾಲಿಗೆ ನ್ಯಾಯವಿದ್ದದ್ದನ್ನೂ, ನಿರರ್ಗಳವಾಗಿ ನುಡಿದವನು ನುಂಗಿ ನೀರು ಕುಡಿದಿದ್ದನ್ನೂ ನಾವು ಎಷ್ಟೋ ಬಾರಿ ಕಂಡಿದ್ದೇವೆ. ಊರಿನ ಹಿರಿಯರಿಗೂ ಇದು ತಿಳಿದ ಮಾತೇ.

ಈಗ ಈ ವಿಚಾರಣೆಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ಪರದೇಶಗಳಲ್ಲಿ ನಡೆದಿದೆ. ಕೃತಕ ಬುದ್ಧಿಮತ್ತೆ ಎಂಬ ಮಾತನ್ನು ಹಿರಿಯರು ಮೊಮ್ಮಕ್ಕಳ ಬಾಯಲ್ಲಿ ಕೇಳಿರಬಹುದು. ಪತ್ರ ಬರೆಯುವ, ಚಿತ್ರ ಬಿಡಿಸುವ, ಬೆಳೆಯ ರೋಗ ಹೇಳುವ ಯಂತ್ರಗಳ ಬಗ್ಗೆ ನಮ್ಮದೇನೂ ತಕರಾರಿಲ್ಲ. ಒಂದು ದೇಶದ ಗಡಿಯಲ್ಲಿ ಬಂದು ನಿಂತ ಪ್ರಯಾಣಿಕನ ಮುಖ ನೋಡಿ ಇವನು ನಿಜ ಹೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ ಎಂದು ಅಂಕ ಕೊಡುವ ಯಂತ್ರದ ಬಗ್ಗೆ ಮಾತ್ರ ನಾವಿಂದು ನಾಲ್ಕು ಮಾತು ಹೇಳಬೇಕಾಗಿದೆ. ಹಾನಗಲ್ಲ, ಶಿಗ್ಗಾಂವಿಯ ಜನರಿಗೆ ಯಾವ ದೇಶದ ಗಡಿಯ ಗೊಡವೆ ಎಂದು ಕೇಳುವವರಿದ್ದರೆ ಅವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಯುರೋಪಿನ ರಾಷ್ಟ್ರಗಳ ಒಕ್ಕೂಟವು 2016ರಿಂದ 2019ರವರೆಗೆ ಸುಮಾರು 45 ಲಕ್ಷ ಯೂರೋ ವೆಚ್ಚಮಾಡಿ ಐ-ಬಾರ್ಡರ್-ಕಂಟ್ರೋಲ್ ಎಂಬ ಯೋಜನೆಯೊಂದನ್ನು ನಡೆಸಿತು. ಹಂಗೇರಿ, ಗ್ರೀಸ್, ಲಾಟ್ವಿಯಾ ಎಂಬ ಮೂರು ದೇಶಗಳನ್ನು ಪ್ರಯೋಗಕ್ಕೆ ಆರಿಸಲಾಯಿತು. ಅದರ ಕ್ರಮ ಹೀಗಿತ್ತು. ಪ್ರಯಾಣಿಕನು ಹೊರಡುವ ಮೊದಲೇ ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕುಳಿತುಕೊಳ್ಳಬೇಕು. ಪರದೆಯ ಮೇಲೆ ಸಮವಸ್ತ್ರ ತೊಟ್ಟ ಅಧಿಕಾರಿಯ ಬೊಂಬೆಯೊಂದು ಮೂಡಿ ಪ್ರಶ್ನೆ ಕೇಳುತ್ತದೆ. ನಿನ್ನ ಹೆಸರೇನು? ಪೆಟ್ಟಿಗೆಯಲ್ಲಿ ಏನಿದೆ? ಪೆಟ್ಟಿಗೆ ತೆರೆದು ತೋರಿಸಿದರೆ ನೀನು ಹೇಳಿದ್ದು ನಿಜವೆಂದು ತಿಳಿಯುವುದೇ? ಉತ್ತರಿಸುವಾಗ ಮುಖದಲ್ಲಿ ಕ್ಷಣಮಾತ್ರ ಮಿಂಚಿ ಮಾಯವಾಗುವ ಚಲನೆಗಳನ್ನು, ರೆಪ್ಪೆಯ ಬಡಿತವನ್ನು, ಕಣ್ಣಿನ ತಿರುವನ್ನು ಯಂತ್ರ ಅಳೆಯುತ್ತದೆ. ಸಂಶಯ ಬಂದರೆ ಬೊಂಬೆಯ ದನಿಯೂ ಬಿಗಿಯಾಗುತ್ತದೆ! ಕೊನೆಗೆ ಒಂದು ಅಂಕ ಬರುತ್ತದೆ. ಗಡಿಯಲ್ಲಿ ನಿಂತ ಕಾವಲುಗಾರನಿಗೆ ಆ ಅಂಕ ಕಾಣುತ್ತದೆ, ಪ್ರಯಾಣಿಕನಿಗೆ ಕಾಣುವುದಿಲ್ಲ.

2019ರಲ್ಲಿ ಪತ್ರಕರ್ತೆಯೊಬ್ಬರು ಸರ್ಬಿಯಾ ಮತ್ತು ಹಂಗೇರಿ ದೇಶಗಳ ನಡುವಿನ ಗಡಿಯಲ್ಲಿ ತಾವೇ ಈ ಪರೀಕ್ಷೆಗೆ ಕುಳಿತರು. ಹದಿನಾರು ಪ್ರಶ್ನೆಗಳಿಗೂ ಅವರು ನಿಜವನ್ನೇ ಹೇಳಿದರು. ನಾಲ್ಕು ಉತ್ತರ ಸುಳ್ಳೆಂದು ಯಂತ್ರ ಬರೆದುಕೊಂಡಿತು. ಆಕೆಗೆ ಅದು ತಿಳಿದದ್ದು ಕಾಯಿದೆಯ ಪ್ರಕಾರ ಅರ್ಜಿ ಹಾಕಿ ತನ್ನ ಕಾಗದಪತ್ರಗಳನ್ನು ತರಿಸಿಕೊಂಡ ಮೇಲೆ. ಓದು ಬಲ್ಲ, ಕಾಯಿದೆ ಬಲ್ಲ, ಅದೇ ಖಂಡದ ಹೆಣ್ಣುಮಗಳ ಗತಿ ಹೀಗಾಯಿತು.

ಈ ಯಂತ್ರವನ್ನು ಮಾಡಿದವರು ಮೊದಲು ಪರೀಕ್ಷಿಸಿ ನೋಡಿದ್ದು ಬರೀ 32 ಜನರ ಮೇಲೆ. ನೂರಕ್ಕೆ ಸುಮಾರು 75ರಷ್ಟು ಸರಿಯಾಗಿ ಹೇಳಿತೆಂದು ವರದಿಯಾಯಿತು. ಪರೀಕ್ಷೆಯಲ್ಲಿ ಮಗ ನೂರಕ್ಕೆ 75 ಅಂಕ ತಂದರೆ ಊರೆಲ್ಲ ಪೇಡೆ ಹಂಚುವ ನಾವು, ಇದೇನು ಕಡಿಮೆಯೇ ಎಂದುಕೊಳ್ಳಬಹುದು. ಆದರೆ ಲೆಕ್ಕ ಹಾಕಿ ನೋಡಿರಿ. ಜಾತ್ರೆಗೆ ಹತ್ತು ಸಾವಿರ ಜನ ಬಂದಿದ್ದಾರೆ. ಅವರಲ್ಲಿ ನೂರು ಜನ ಕಪಟಿಗಳು, ಉಳಿದ 9,900 ಜನ ಸಾಚಾ ಭಕ್ತರು ಎಂದಿಟ್ಟುಕೊಳ್ಳೋಣ. ನೂರಕ್ಕೆ 75 ಸರಿ ಹೇಳುವ ಯಂತ್ರವನ್ನು ಮಹಾದ್ವಾರದಲ್ಲಿ ಇಟ್ಟರೆ ಅದು ನೂರರಲ್ಲಿ 75 ಕಪಟಿಗಳನ್ನು ಹಿಡಿದೀತು, 25 ಜನ ಒಳಗೆ ನುಸುಳಿಯಾರು. ಇನ್ನು 9,900 ಸಾಚಾ ಜನರಲ್ಲಿ ಕಾಲು ಭಾಗ, ಅಂದರೆ 2,475 ಜನರನ್ನು ಅದು ಸುಳ್ಳರೆಂದು ಪಕ್ಕಕ್ಕೆ ನಿಲ್ಲಿಸೀತು. ಹೀಗೆ ಪಕ್ಕಕ್ಕೆ ನಿಂತ 34 ಜನರಲ್ಲಿ 33 ಜನ ಏನೂ ತಪ್ಪು ಮಾಡದವರು. ಕಣದಲ್ಲಿ ಗೋವಿನಜೋಳ ಜರಡಿ ಹಿಡಿದಾಗ ಒಂದು ಹರಳು ಸಿಗುವುದಕ್ಕೆ ಮೂವತ್ತಮೂರು ಕಾಳು ತಿಪ್ಪೆಗೆ ಹೋದರೆ ಆ ಜರಡಿಯನ್ನು ಯಾವ ರೈತ ಇಟ್ಟುಕೊಂಡಾನು?

ಇದು ನಮ್ಮ ಮಠದ ಲೆಕ್ಕವಷ್ಟೇ ಎಂದು ತಳ್ಳಿಹಾಕಬೇಡಿರಿ. ಮೈಗೆ ತಂತಿ ಕಟ್ಟಿ ಉಸಿರು, ನಾಡಿ, ರಕ್ತದೊತ್ತಡ, ಬೆವರು ಅಳೆಯುವ ಹಳೆಯ ಸುಳ್ಳು ಪತ್ತೆ ಯಂತ್ರವನ್ನು ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪಂಡಿತರು ಪರಿಶೀಲಿಸಿ 2003ರಲ್ಲಿ ಒಂದು ವರದಿ ಪ್ರಕಟಿಸಿದರು. ಹತ್ತು ಸಾವಿರ ನೌಕರರಲ್ಲಿ ಹತ್ತು ಜನ ಗೂಢಚಾರರಿದ್ದರೆ, ಅವರಲ್ಲಿ ಎಂಟು ಜನರನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದಾಗ ಸುಮಾರು 1,600 ಜನ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆಂದು ಅವರೇ ಲೆಕ್ಕ ತೋರಿಸಿದ್ದಾರೆ. ಆ ಯಂತ್ರ 1921ರಲ್ಲಿ ಅಮೆರಿಕೆಯ ಬರ್ಕ್ಲಿ ಊರಿನ ಪೊಲೀಸರ ಕೈಗೆ ಬಂದದ್ದು. ನೂರು ವರ್ಷ ಕಳೆದರೂ ಅದರ ಮೂಲದ ದೋಷ ಹೋಗಿಲ್ಲ. ತಂತಿಯ ಬದಲಿಗೆ ಕ್ಯಾಮೆರಾ ಬಂದಿದೆ, ಅಷ್ಟೇ. ಎರಡೂ ಅಳೆಯುವುದು ಅಂಜಿಕೆಯನ್ನು. ಅಂಜಿಕೆಗೆ ಸುಳ್ಳೇ ಕಾರಣವಾಗಬೇಕೆಂದಿಲ್ಲ.

ನಮ್ಮ ನಾಡಿಗೆ ಈ ವಿದ್ಯೆ ಅಪರಿಚಿತವಲ್ಲ. ಸತ್ಯ ತಿಳಿಯಲೆಂದು ದೇಹವನ್ನು ಪರೀಕ್ಷಿಸುವ ಪದ್ಧತಿಗೆ ನಮ್ಮ ಶಾಸನಗಳಲ್ಲಿ ದಿವ್ಯ ಎಂದು ಹೆಸರು. ಕಿತ್ತೂರಿನಲ್ಲಿ 1188ರ ಶಾಸನವೊಂದಿದೆ. ಗೋವೆಯ ಕದಂಬರ ಆಳ್ವಿಕೆಯ ಕಾಲ. ಎರಡು ದೇವಾಲಯಗಳ ಆಚಾರ್ಯರಿಬ್ಬರ ನಡುವೆ ಭೂಮಿಯ ವ್ಯಾಜ್ಯ ಎದ್ದಾಗ ಫಲದಿವ್ಯದ ಮೂಲಕ ಅದನ್ನು ತೀರ್ಮಾನಿಸಿದ ಸಂಗತಿ ಅದರಲ್ಲಿದೆ. ಫಲದಿವ್ಯವೆಂದರೆ ಕಾದ ನೇಗಿಲಿನ ಕುಳವನ್ನು ಹಿಡಿಯುವುದು. ಕೈ ಸುಟ್ಟಿತೋ ಇಲ್ಲವೋ ಎಂಬುದನ್ನು ನೋಡಿ ಭೂಮಿ ಯಾರದೆಂದು ಹೇಳುವುದು. ಆಗಿನವರು ಅದನ್ನು ನಂಬಿ ಮಾಡಿದರು, ಅವರನ್ನು ನಾವಿಂದು ಹಳಿಯುವುದಿಲ್ಲ. ಆದರೆ ಚರ್ಮದ ದಪ್ಪಕ್ಕೂ ಹೊಲದ ಒಡೆತನಕ್ಕೂ ಏನು ಸಂಬಂಧ? ರೆಪ್ಪೆಯ ಬಡಿತಕ್ಕೂ ಪೆಟ್ಟಿಗೆಯೊಳಗಿನ ಸಾಮಾನಿಗೂ ಅಷ್ಟೇ ಸಂಬಂಧ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಆಣೆ ಪ್ರಮಾಣದ ರೀತಿ ಬೇರೆ. ಭಂಡಾರ ಮುಟ್ಟಿ ಹೇಳು, ಕರ್ಪೂರ ಆರಿಸಿ ಹೇಳು ಎನ್ನುವಾಗ ಹಿರಿಯರು ಆ ಮನುಷ್ಯನ ಅಂತಃಸಾಕ್ಷಿಗೆ ಪ್ರಶ್ನೆ ಹಾಕುತ್ತಾರೆ. ಉತ್ತರ ಕೊಡುವವನು ಅವನೇ. ದಿವ್ಯದಲ್ಲಿ ಮನುಷ್ಯನನ್ನು ಕೇಳುವುದೇ ಇಲ್ಲ, ಅವನ ತೊಗಲನ್ನು ಕೇಳುತ್ತಾರೆ. ಯುರೋಪಿನ ಹೊಸ ಯಂತ್ರ ಈ ಎರಡನೆಯ ಜಾತಿಗೆ ಸೇರಿದ್ದು.

ಗಡಿ ಎಂಬುದೂ ನಮ್ಮ ಭಾಗಕ್ಕೆ ಹೊಸತಲ್ಲ. 1948ರವರೆಗೆ ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನ, ಸುತ್ತಲೂ ಇಂಗ್ಲಿಷರ ಧಾರವಾಡ ಜಿಲ್ಲೆ. ಅದಕ್ಕೂ ಹಿಂದೆ, ಹಾನಗಲ್ಲು ಪಾನುಂಗಲ್ಲು ಐನೂರರ ರಾಜಧಾನಿಯಾಗಿದ್ದ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಠಿಣನಾದರೂ ಸುಂಕದವನು ಹೇರಿನ ಮೇಲಿನ ಮಾಲನ್ನು ನೋಡಿ ಸುಂಕ ಹಾಕುತ್ತಿದ್ದ. ಎತ್ತಿನ ಹಿಂದೆ ನಡೆದುಬಂದವನ ಮುಖಕ್ಕೆ ಅಂಕ ಹಾಕುವ ಅಧಿಕಾರ ಅವನಿಗೆ ಇರಲಿಲ್ಲ.

ಹಾನಗಲ್ಲ ತಾಲ್ಲೂಕಿನ ತಾಯಿಯೊಬ್ಬರು ಅಮೆರಿಕೆಯಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ಮುನ್ನ ಮಠಕ್ಕೆ ಬಂದಿದ್ದರು. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟು ಮಾಡಿಸಿದ್ದಾಗಿತ್ತು, ವೀಸಾ ಬಂದಿತ್ತು, ಚಟ್ನಿಪುಡಿ ಕಟ್ಟಿದ್ದಾಗಿತ್ತು. ಆಕೆಗೆ ಒಂದೇ ಚಿಂತೆ. "ಅಜ್ಜಾರ, ಅಲ್ಲಿ ಇಳದ ಕೂಡ್ಲೇ ಸಾಹೇಬ ಕೇಳ್ತಾನಂತ್ರಿ, ನೀವು ಇಲ್ಲಿ ಏನರ ಕೆಲಸಾ ಮಾಡ್ತೀರೇನು ಅಂತ. ಇಲ್ಲ ಅನ್ರಿ ಅಂತ ಅಳಿಯಾ ಹೇಳ್ಯಾನ. ಕೂಸಿಗೆ ಎರಿಯೂದು, ಅಡಿಗಿ ಮಾಡೂದು, ಅರಬಿ ಒಗಿಯೂದು ಎಲ್ಲಾ ನಾನ ಮಾಡಾಕಿ. ಕೆಲಸಾ ಇಲ್ಲ ಅಂದ್ರ ಸುಳ್ಳ ಆಗೂದಿಲ್ಲೇನ್ರಿ?" ಅವರು ಕೇಳುವುದು ಪಗಾರದ ಕೆಲಸವನ್ನು ತಾಯಿ, ನೀವು ಚಿಂತೆ ಮಾಡಬೇಡಿರಿ ಎಂದು ಸಮಾಧಾನ ಹೇಳಿ ಕಳುಹಿಸಿದೆವು. ಆಕೆ ಹೋಗಿ ಬಂದರು, ಮೊಮ್ಮಗನ ಫೋಟೋ ತೋರಿಸಿದರು. ಅಲ್ಲಿ ಪ್ರಶ್ನೆ ಕೇಳಿದವನು ಮನುಷ್ಯನಾಗಿದ್ದ, ದುಭಾಷಿಯೊಬ್ಬ ಬಂದು ಕೂಡಿದ್ದ, ತೊದಲಿದರೂ ಕೆಲಸ ಆಯಿತು. ಅದೇ ಪ್ರಶ್ನೆಯನ್ನು ಪರದೆಯ ಬೊಂಬೆ ಕೇಳಿದ್ದರೆ? ಆ ತಾಯಿಯ ತಡವರಿಕೆ ಹುಟ್ಟಿದ್ದು ಸುಳ್ಳು ಹೇಳಬಾರದೆಂಬ ಅಂಜಿಕೆಯಿಂದ. ಯಂತ್ರದ ಪುಸ್ತಕದಲ್ಲಿ ಅದೇ ಸುಳ್ಳಿನ ಗುರುತು.

ಇಂಥವು ಇನ್ನೂ ಎಷ್ಟೋ ಇವೆ. ಹಿರೇಕೆರೂರ ಕಡೆಯ ಎಪ್ಪತ್ತು ದಾಟಿದ ಹಿರಿಯರನ್ನು ನಿಮ್ಮ ಜನ್ಮದಿನಾಂಕ ಯಾವುದೆಂದು ಕೇಳಿರಿ. ಅರ್ಧ ಜನರ ಕಾಗದದಲ್ಲಿ ಜೂನ್ 1 ಎಂದಿರುತ್ತದೆ. ಅದು ಶಾಲೆಗೆ ಹಚ್ಚಿದಾಗ ಮಾಸ್ತರರು ಬರೆದುಕೊಂಡ ತಾರೀಖು. ಹುಟ್ಟಿದ್ದು ಯಾವಾಗ ಎಂದರೆ, ದೊಡ್ಡ ಮಳೆ ಬಂದು ಕೆರೆ ಕೋಡಿ ಬಿದ್ದ ವರ್ಷ ಎಂದು ತಾಯಿ ಹೇಳಿದ್ದು ನೆನಪು. ಜೂನ್ 1 ಎಂದು ಹೇಳುವಾಗ ಆ ಹಿರಿಯರ ಮನಸ್ಸು ಒಂದು ಕ್ಷಣ ಹಿಂದೆ ಮುಂದೆ ಆಗುವುದು ಸಹಜ. ಹೆಸರಿನದೂ ಅದೇ ಕಥೆ. ಮನೆತನದ ಹೆಸರು ಆಧಾರ ಚೀಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ. ಅಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು, ಸೆರಗು ಮುಂದೆಳೆದುಕೊಂಡು ಮೆಲ್ಲಗೆ ಉತ್ತರಿಸುವುದು ನಮ್ಮಲ್ಲಿ ಮರ್ಯಾದೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದೇ ಪ್ರಾಮಾಣಿಕತೆಯೆಂದು ಬಗೆಯುವ ದೇಶದಲ್ಲಿ ಕಲಿತ ಯಂತ್ರಕ್ಕೆ ಈ ಮರ್ಯಾದೆ ಹೇಗೆ ತಿಳಿದೀತು?

2022ರ ಫೆಬ್ರವರಿ ಮಾರ್ಚ್ ತಿಂಗಳುಗಳನ್ನು ಹಾವೇರಿ ಜಿಲ್ಲೆಯ ಜನ ಮರೆತಿರಲಾರರು. ಯುಕ್ರೇನ್ ದೇಶದಲ್ಲಿ ಯುದ್ಧ ಹೊತ್ತಿಕೊಂಡಿತು. ನಮ್ಮ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡ. ಉಳಿದ ಮಕ್ಕಳು ಚಳಿಯಲ್ಲಿ ಮೈಲುಗಟ್ಟಲೆ ನಡೆದು, ಹಸಿದು, ನಿದ್ದೆಗೆಟ್ಟು ಪೋಲೆಂಡ್, ರುಮೇನಿಯಾ, ಸ್ಲೊವಾಕಿಯಾ, ಹಂಗೇರಿ ದೇಶಗಳ ಗಡಿ ತಲುಪಿದರು. ಅಲ್ಲಿಂದ ಬುಕಾರೆಸ್ಟ್, ಬುಡಾಪೆಸ್ಟ್ ಮೊದಲಾದ ಊರುಗಳ ವಿಮಾನ ಹತ್ತಿ ತಾಯ್ನಾಡಿಗೆ ಬಂದರು. ಆ ದಿನಗಳಲ್ಲಿ ಯುಕ್ರೇನಿನಿಂದ ಮರಳಿದ ಭಾರತೀಯರು 22,000ಕ್ಕೂ ಹೆಚ್ಚು. ಈಗ ನೆನಪಿಸಿಕೊಳ್ಳಿರಿ, ಮುಖ ಓದುವ ಯಂತ್ರದ ಪ್ರಯೋಗಕ್ಕೆ ಆರಿಸಿದ ಮೂರು ದೇಶಗಳಲ್ಲಿ ಹಂಗೇರಿ ಒಂದು. ಅಮೆರಿಕೆಯ ಅರಿಜೋನಾ ವಿಶ್ವವಿದ್ಯಾಲಯದವರು ಮಾಡಿದ ಅವತಾರ್ ಎಂಬ ಇಂತಹದೇ ಯಂತ್ರದ ಪ್ರಯೋಗ ನಡೆದದ್ದು ಬುಕಾರೆಸ್ಟಿನ ವಿಮಾನ ನಿಲ್ದಾಣದಲ್ಲಿ. (ಅವತಾರವೆಂಬ ನಮ್ಮ ಪವಿತ್ರ ಶಬ್ದಕ್ಕೆ ಎಂಥ ಕೆಲಸ ಬಂತು ನೋಡಿರಿ.) ಪುಣ್ಯವಶಾತ್ 2022ರ ಹೊತ್ತಿಗೆ ಆ ಪ್ರಯೋಗಗಳು ಮುಗಿದಿದ್ದವು. ಗಡಿಯ ಕಾವಲುಗಾರರು ಆ ಮಕ್ಕಳ ಮುಖ ನೋಡಿ ಬ್ರೆಡ್ಡು, ನೀರು, ಕಂಬಳಿ ಕೊಟ್ಟರು. ಬಾಂಬಿನ ಸದ್ದು ಕೇಳಿ ಬಂದ ಹುಡುಗಿಯ ಅದೇ ಮುಖವನ್ನು ಯಂತ್ರದ ಮುಂದೆ ಹಿಡಿದಿದ್ದರೆ ಅದು ಯಾವ ಅಂಕ ಬರೆಯುತ್ತಿತ್ತೆಂದು ಆಕೆಯ ತಾಯ್ತಂದೆಯ ಸ್ಥಾನದಲ್ಲಿ ನಿಂತು ಯೋಚಿಸಬೇಕು.

ಈ ವಿಷಯದಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಯುರೋಪಿಗಿಂತ ಮುಂದಿದೆ ಎಂದು ಹೇಳಲು ನಮಗೆ ಅಭಿಮಾನವಾಗುತ್ತದೆ. ನಕಲಿ ಛಾಪಾ ಕಾಗದದ ಹಗರಣದ ಕಾಲದಲ್ಲಿ ಬೆಂಗಳೂರಿನ ಪ್ರಯೋಗಾಲಯದ ಮಂಪರು ಪರೀಕ್ಷೆಯ ದೃಶ್ಯಗಳನ್ನು ಟಿ.ವಿ.ಯಲ್ಲಿ ಕಂಡದ್ದು ಹಲವರಿಗೆ ನೆನಪಿರಬಹುದು. ಸೂಜಿಮದ್ದು ಕೊಟ್ಟು ಮಾತನಾಡಿಸುವುದು, ತಂತಿ ಕಟ್ಟಿ ಸುಳ್ಳು ಹಿಡಿಯುವುದು, ಮೆದುಳಿನ ಅಲೆ ಅಳೆಯುವುದು ಈ ಮೂರನ್ನೂ ಪ್ರಶ್ನಿಸಿದ ಮೇಲ್ಮನವಿಗಳು ದಿಲ್ಲಿಗೆ ಹೋದವು. ಆ ಪ್ರಕರಣದ ಹೆಸರಿನಲ್ಲಿ ಎದುರುಪಕ್ಷವಾಗಿ ನಿಂತದ್ದು ನಮ್ಮ ಕರ್ನಾಟಕ ರಾಜ್ಯವೇ. ಕಾನೂನಿನವರು ಅದನ್ನು ಸೆಲ್ವಿ ಪ್ರಕರಣ ಎಂದು ಕರೆಯುತ್ತಾರೆ. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರು ನ್ಯಾಯಮೂರ್ತಿಗಳ ಪೀಠವು ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಈ ಪರೀಕ್ಷೆಗಳಿಗೆ ಒಡ್ಡಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20ನೆಯ ವಿಧಿ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೆಯ ವಿಧಿ, ಇವೆರಡೂ ಆ ತೀರ್ಪಿಗೆ ಆಧಾರ. ಮನಃಪೂರ್ವಕವಾಗಿ ಒಪ್ಪಿದವನನ್ನು ಪರೀಕ್ಷಿಸಬಹುದು, ಆಗಲೂ ಪರೀಕ್ಷೆಯ ಫಲವನ್ನೇ ಸಾಕ್ಷ್ಯವೆಂದು ಹಿಡಿಯುವಂತಿಲ್ಲ ಎಂದೂ ಹೇಳಿತು.

ಇಲ್ಲಿಯ ವಿಪರ್ಯಾಸ ನೋಡಿರಿ. ಕೊಲೆಯ ಆರೋಪ ಹೊತ್ತವನಿಗೆ ನಮ್ಮಲ್ಲಿ ಬೇಡವೆನ್ನುವ ಹಕ್ಕಿದೆ. ಯಾವ ಆರೋಪವೂ ಇಲ್ಲದೆ ಮೊಮ್ಮಗನನ್ನು ನೋಡಲು ಹೊರಟ ಅಜ್ಜಿಗೆ ಪರದೇಶದ ಗಡಿಯಲ್ಲಿ ಆ ಹಕ್ಕಿಲ್ಲ. ಒಪ್ಪಿಗೆ ಪಡೆದೇ ಪ್ರಯೋಗ ಮಾಡಿದೆವು ಎಂದು ಯುರೋಪಿನವರು ಹೇಳಬಹುದು. ಸಾಲ ಮಾಡಿ ಟಿಕೆಟ್ ತೆಗೆಸಿ, ಹದಿನೆಂಟು ತಾಸು ಹಾರಿ, ಬಾಗಿಲ ಮುಂದೆ ನಿಂತವನಿಗೆ ಒಪ್ಪುವೆಯಾ ಇಲ್ಲಾ ಹಿಂದಿರುಗುವೆಯಾ ಎಂದು ಕೇಳಿದರೆ ಅವನು ಕೊಡುವ ಒಪ್ಪಿಗೆಗೆ ಏನು ಬೆಲೆ?

2024ರವರೆಗೆ ಯುರೋಪಿಯನ್ ಸಂಸತ್ ಸದಸ್ಯರಾಗಿದ್ದ ಜರ್ಮನಿಯ ಪ್ಯಾಟ್ರಿಕ್ ಬ್ರೇಯರ್ ಎಂಬವರು ಈ ಯೋಜನೆಯ ಕಾಗದಪತ್ರಗಳನ್ನು ಬಹಿರಂಗಪಡಿಸಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2021ರ ಡಿಸೆಂಬರಿನಲ್ಲಿ ಬಂದ ತೀರ್ಪು ಅವರಿಗೆ ಭಾಗಶಃ ಮಾತ್ರ ಅನುಕೂಲವಾಯಿತು. ಕಂಪನಿಗಳ ವ್ಯಾಪಾರದ ಹಿತ ಕಾಯಬೇಕೆಂದು ಕೆಲವು ಸಂಗತಿಗಳು ಮುಚ್ಚಿಯೇ ಉಳಿದವು. ಅವರ ಮೇಲ್ಮನವಿ 2023ರಲ್ಲಿ ವಜಾ ಆಯಿತು. ಪ್ರಯಾಣಿಕನು ತನ್ನ ಮನದಾಳವನ್ನೇ ಬಿಚ್ಚಿಡಬೇಕು, ಯಂತ್ರದ ಯಜಮಾನರು ಮಾತ್ರ ತಮ್ಮ ಪೆಟ್ಟಿಗೆ ತೆರೆಯುವುದಿಲ್ಲವೆಂದರೆ ಇದು ಯಾವ ನ್ಯಾಯ?

2024ರ ಆಗಸ್ಟ್ 1ರಂದು ಯುರೋಪಿನಲ್ಲಿ ಕೃತಕ ಬುದ್ಧಿಮತ್ತೆಯ ಕಾಯಿದೆ ಜಾರಿಗೆ ಬಂದಿತು. ಅದರ ಪ್ರಕಾರ ಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಮುಖ ನೋಡಿ ಭಾವನೆ ಅಳೆಯುವ ಯಂತ್ರಗಳು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, ನಿಷಿದ್ಧ. ಆದರೆ ವಲಸೆ ಮತ್ತು ಗಡಿ ನಿರ್ವಹಣೆಯ ಸುಳ್ಳು ಪತ್ತೆ ಯಂತ್ರಗಳನ್ನು ಅದು ನಿಷೇಧಿಸಿಲ್ಲ. ಹೆಚ್ಚಿನ ಅಪಾಯವುಳ್ಳವು ಎಂಬ ಪಟ್ಟಿಗೆ ಸೇರಿಸಿ, ಕಟ್ಟುಪಾಡು ವಿಧಿಸಿ, ಬಾಗಿಲು ತೆರೆದಿಟ್ಟಿದೆ. ತಮ್ಮ ಶಾಲೆಯ ಕೂಸಿಗೂ ಕಾರಖಾನೆಯ ಆಳಿಗೂ ಬೇಡವಾದದ್ದು ಹೊರಗಿನಿಂದ ಬಂದ ಅತಿಥಿಗೆ ಆಗುತ್ತದೆಯೇ? ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟ ಮೇಲೆಯೇ ಬಂದ ಕಾರಣ ಕೇಳುವ ಸೀಮೆಯವರಾದ ನಮಗೆ ಇದು ಒಪ್ಪುವ ಮಾತಲ್ಲ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಗಡಿಯಲ್ಲಿ ಪರೀಕ್ಷೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಹೆಣ್ಣುಮಕ್ಕಳನ್ನು ಸಾಗಿಸುವವರು, ಮಾದಕ ವಸ್ತು ಒಯ್ಯುವವರು, ಬಾಂಬು ಹಿಡಿದವರು ಅದೇ ದ್ವಾರದಿಂದ ಬರುತ್ತಾರೆ. ಪೆಟ್ಟಿಗೆಯನ್ನು ಯಂತ್ರದಲ್ಲಿ ಹಾಯಿಸಲಿ, ನಾಯಿಯಿಂದ ಮೂಸಿಸಲಿ, ಕಾಗದ ಪರೀಕ್ಷಿಸಲಿ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ ದೇಶದೊಳಗಿನ ಪ್ರಯಾಣಕ್ಕೆ ಡಿಜಿಯಾತ್ರಾ ಎಂಬ ಏರ್ಪಾಡು ಬಂದಿದೆ. ಅಲ್ಲಿ ಕ್ಯಾಮೆರಾ ಮುಖ ನೋಡಿ ಇವರು ಇಂಥವರೇ ಎಂದು ಗುರುತು ಹಿಡಿಯುತ್ತದೆ. ಮುಖ ಗುರುತು ಹಿಡಿಯುವುದು ಬೇರೆ, ಮುಖದ ಹಿಂದಿನ ಮನಸ್ಸನ್ನು ಓದಿದೆನೆನ್ನುವುದು ಬೇರೆ. ಇವೆರಡನ್ನೂ ಒಂದೇ ಎಂದು ಕಲಸಿ ಹೇಳುವವರ ಬಗ್ಗೆ ಎಚ್ಚರವಿರಬೇಕು.

ಮನುಷ್ಯನಾದ ಅಧಿಕಾರಿಗೆ ಪೂರ್ವಗ್ರಹ ಇರುವುದಿಲ್ಲವೇ, ಬಣ್ಣ ನೋಡಿ ಬೆದರಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇರುತ್ತದೆ, ಬೆದರಿಸುತ್ತಾನೆ. ಆದರೆ ಅವನನ್ನು ಏಕೆ ತಡೆದೆ ಎಂದು ಅವನ ಮೇಲಿನವನು ಕೇಳಬಹುದು, ಅವನ ಸಹಿ ಕಾಗದದ ಮೇಲೆ ಇರುತ್ತದೆ, ನಾಳೆ ನ್ಯಾಯಾಲಯದ ಕಟ್ಟೆ ಹತ್ತಿಸಬಹುದು. ಯಂತ್ರ ಅಂಕ ಕೊಟ್ಟ ಮೇಲೆ ಆ ಅಧಿಕಾರಿಯೂ ನನ್ನದೇನಿದೆ, ಯಂತ್ರ ಹೇಳಿತು ಎಂದು ಕೈತೊಳೆದುಕೊಳ್ಳುತ್ತಾನೆ. ಹೀಗೆ ಕೈತೊಳೆದುಕೊಳ್ಳಲು ಅನುಕೂಲವಾಗುತ್ತದೆ ಎಂಬುದೇ ಈ ಯಂತ್ರದ ಮೇಲಿನ ಮೋಹಕ್ಕೆ ದೊಡ್ಡ ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಆದ್ದರಿಂದ ಭಕ್ತರು ಮಾಡಬೇಕಾದ ಕೆಲಸವೊಂದಿದೆ. ಪರದೇಶದಲ್ಲಿ ಓದುವ, ದುಡಿಯುವ ಮಕ್ಕಳಿರುವ ಮನೆಗಳು ಈಗ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿವೆ. ವೀಸಾ ಮತ್ತು ವಲಸೆಯ ಬಗ್ಗೆ ಬೇರೆ ದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವಾಗ, ಭಾರತದ ಯಾವ ಪ್ರಯಾಣಿಕನನ್ನೂ ಯಂತ್ರ ಕೊಟ್ಟ ಅಂಕದ ಮೇಲೆ ಹಿಂದಕ್ಕೆ ಕಳುಹಿಸಕೂಡದು, ತಡೆದರೆ ಕಾರಣವನ್ನು ಬರೆದು ಕೊಡಬೇಕು, ಅವನ ಭಾಷೆ ಬಲ್ಲವನನ್ನು ಕೂಡಿಸಿ ಮನುಷ್ಯನೇ ವಿಚಾರಿಸಬೇಕು ಎಂಬ ಮಾತನ್ನು ವಿದೇಶಾಂಗ ಖಾತೆಯವರು ಸೇರಿಸಲಿ. ಇದನ್ನು ಕೇಳಬೇಕಾದವರು ನಮ್ಮ ಸಂಸದರು. ಹಾನಗಲ್ಲ, ಹಿರೇಕೆರೂರಿನವರು ಹಾವೇರಿ ಕ್ಷೇತ್ರದ ಸಂಸದರಿಗೆ, ಶಿಗ್ಗಾಂವಿ, ಸವಣೂರಿನವರು ಧಾರವಾಡ ಕ್ಷೇತ್ರದ ಸಂಸದರಿಗೆ ಪತ್ರ ಬರೆಯಿರಿ. ಅರ್ಧ ಹಾಳೆ ಸಾಕು, ಕನ್ನಡದಲ್ಲಿಯೇ ಇರಲಿ. ಬರೆಯಲು ಬಾರದ ಹಿರಿಯರು ಮೊಮ್ಮಕ್ಕಳಿಂದ ಬರೆಸಿ ಹೆಬ್ಬೆರಳು ಒತ್ತಿ ಕಳುಹಿಸಬಹುದು.